ಚಳಿ ಮುಗೀತಾ ಬಂತು, ರೋಸ್ಮರಿ ಕಂದಾಗಿದೆ, ಪುದೀನ ಪೂರ್ತಿ ಒಣಗಿದೆ, ಕೀಳ್ಲಾ ಬಿಡ್ಲಾ?

ಹಸಿರುಕುಂಡ:
ಎಲ್ರಿಗೂ ನಮಸ್ಕಾರ. ಚಳಿಗಾಲ ಪೂರ್ತಿ ಹೊರಗೇ ಇದ್ದ ಪಾಟ್‌ಗಳು ಇವು, ಈಗ ಹಗಲು ಬಿಸಿಲು ಚುರುಕಾಗ್ತಿದೆ ಆದ್ರೆ ರಾತ್ರಿ ಇನ್ನೂ ಕೊರೆಯುತ್ತೆ. ರೋಸ್ಮರಿ ಎಲೆ ಅರ್ಧಕ್ಕರ್ಧ ಕಂದಾಗಿ ಮುಟ್ಟಿದ್ರೆ ಉದುರ್ತಿದೆ, ಪುದೀನದಲ್ಲಿ ಒಣಕಡ್ಡಿ ಬಿಟ್ರೆ ಏನೂ ಉಳಿದಿಲ್ಲ, ಥೈಮ್ ನಡುವೆ ಬೋಳಾಗಿ ಅಂಚಲ್ಲಿ ಮಾತ್ರ ಹಸಿರಿದೆ. ಗೊಬ್ಬರ ಹಾಕಿ ನೋಡ್ಲಾ ಇಲ್ಲಾ ಎಲ್ಲಾ ಕಿತ್ತು ಹೊಸದಾಗಿ ಶುರು ಮಾಡ್ಲಾ?

ಬೇರುಮಣ್ಣು:
ಎರಡೂ ಬೇಡ. ಮೊದ್ಲು ಕಾಂಡ ಕೆರೆದು ನೋಡಿ. ರೋಸ್ಮರಿ ಕೊಂಬೆ ತುದೀಲಿ ಉಗುರಿಂದ ಸಿಪ್ಪೆ ಒಂಚೂರು ಎಬ್ಬಿಸಿ, ಒಳಗೆ ಹಸಿಯಾಗಿ ಹಸಿರು ಕಂಡ್ರೆ ಅಲ್ಲಿ ಜೀವ ಇದೆ, ಕಂದಾಗಿ ಒಣಗಿದ್ರೆ ಸ್ವಲ್ಪ ಕೆಳಗೆ ಹೋಗಿ ಮತ್ತೆ ಕೆರೀರಿ, ಹೀಗೇ ಹಸಿರು ಸಿಗೋವರೆಗೂ. ಆಮೇಲೆ ಪಾಟ್ ತಳದ ತೂತಿಗೆ ಬೆರಳಿಟ್ಟು ನೋಡಿ, ಮಣ್ಣು ಒದ್ದೆ ಇದ್ಯಾ? ರೋಸ್ಮರಿ, ಥೈಮ್, ಸೇಜ್ ಎಲ್ಲಾ ಮೆಡಿಟರೇನಿಯನ್ ಕಡೆಯ ಒಣ ಕಲ್ಲುನೆಲದ ಗಿಡಗಳು, ಬರೀ ಚಳಿನ ಎಷ್ಟೋ ತಡ್ಕೊಳ್ತವೆ, ಚಳೀಲಿ ಬುಡದಲ್ಲಿ ನೀರು ನಿಂತ್ರೆ ಮಾತ್ರ ತಡ್ಕೊಳಲ್ಲ. ಬೆಳವಣಿಗೆ ನಿಂತಾಗ ಬೇರು ನೀರು ಎಳ್ಕೊಳ್ಳೋದು ತೀರಾ ಕಮ್ಮಿ, ಮಣ್ಣಲ್ಲಿ ಗಾಳಿ ಇಲ್ದೆ ಬೇರು ಕೊಳೆಯುತ್ತೆ, ಮೇಲೆ ಎಲೆ ನೀರಿಲ್ದೆ ಒಣಗಿದ ಹಾಗೇ ಕಾಣುತ್ತೆ, ಅದನ್ನ ನೋಡಿ ಜನ ಇನ್ನಷ್ಟು ನೀರು ಹಾಕ್ತಾರೆ.

ಪುದೀನದ್ದು ಚಿಂತೆ ಬಿಡಿ, ಅದು ಚಳೀಲಿ ಮೇಲೆ ಸತ್ತು ಒಳಗೆ ಬದುಕಿರುತ್ತೆ. ಮಣ್ಣು ಮೆಲ್ಲಗೆ ಕೆದಕಿ ನೋಡಿ.

ಹಸಿರುಕುಂಡ:
ನೋಡ್ದೆ! ಪುದೀನ ಬಿಳಿ ಬೇರಿನ ಗಂಟುಗಳಲ್ಲಿ ಅಕ್ಕಿಕಾಳಷ್ಟು ನೇರಳೆ ಮೊಳಕೆ ಇದೆ, ತುಂಬಾ ಖುಷಿಯಾಯ್ತು. ರೋಸ್ಮರಿ ಒಂದು ಬದಿ ಬುಡದವರೆಗೂ ಕಂದು, ಇನ್ನೊಂದು ಬದಿ ಹಸಿರು, ಕೆಳಗಿನ ತಟ್ಟೇಲಿ ನೀರು ನಿಂತಿತ್ತು, ಮಣ್ಣು ಹುಳಿ ವಾಸನೆ. ಬುಡದ ತನಕ ಕತ್ತರಿಸಿದ್ರೆ ಹೊಸ ಚಿಗುರು ಬರುತ್ತಾ?

ಬೇರುಮಣ್ಣು:
ಅಯ್ಯೋ ಬೇಡ ಬೇಡ. ರೋಸ್ಮರಿಯ ಎಲೆ ಇಲ್ಲದ ಹಳೇ ಕಟ್ಟಿಗೆಯಂಥ ಕಾಂಡದಿಂದ ಚಿಗುರು ಬರೋದು ತೀರಾ ಅಪರೂಪ. ಪೂರ್ತಿ ಸತ್ತ ಕೊಂಬೆ ಮಾತ್ರ ತೆಗೀರಿ, ಜೀವ ಇರೋ ಕೊಂಬೆ ಟ್ರಿಮ್ ಮಾಡೋದು ಹಿಮ ಕಟ್ಟೋ ರಾತ್ರಿಗಳೆಲ್ಲಾ ಮುಗಿದ್ಮೇಲೆ, ಅದೂ ಕತ್ತರಿಯ ಕೆಳಗೆ ಹಸಿರು ಎಲೆ ಉಳಿಯೋ ಹಾಗೆ. ಇವತ್ತೇ ಮಾಡಬೇಕಾದ ಕೆಲಸ ಅಂದ್ರೆ ತಟ್ಟೆ ತೆಗೆದು ಗಿಡನ ಪಾಟಿಂದ ಹೊರಗೆ ತೆಗೆಯೋದು. ಬೆಳ್ಳಗೆ ಗಟ್ಟಿ ಇರೋ ಬೇರು ಉಳಿಸಿ, ಕಪ್ಪಾಗಿ ಹಿಸುಕಿದ್ರೆ ಮೆತ್ತಗೆ ಜಾರೋದನ್ನ ಕತ್ತರಿಸಿ, ದಪ್ಪ ಮರಳೋ ಪರ್ಲೈಟೋ (ಮಣ್ಣು ಸಡಿಲ ಮಾಡೋ ಹಗುರವಾದ ಬಿಳಿ ಹರಳು) ಧಾರಾಳವಾಗಿ ಬೆರೆಸಿದ ಹೊಸ ಮಣ್ಣಲ್ಲಿ ನೆಡಿ. ಬೇರು ಕಮ್ಮಿ ಆಗಿರೋದ್ರಿಂದ ದೊಡ್ಡ ಪಾಟ್ ಬೇಡ, ಜಾಸ್ತಿ ಮಣ್ಣಿದ್ರೆ ಮತ್ತೆ ಒದ್ದೆ ಉಳ್ಕೊಳ್ಳುತ್ತೆ. ಗೊಬ್ಬರ ಈಗ ಹಾಕಿದ್ರೆ ಮೆತ್ತನೆ ಚಿಗುರು ಎದ್ದು ಕೊನೇ ಚಳಿಗೆ ಸುಟ್ಟೋಗುತ್ತೆ.

ಥೈಮ್ ಅಂಚಿನ ಕೊಂಬೆ ಎತ್ತಿ ನೋಡಿ, ಮಣ್ಣಿಗೆ ತಾಗಿದ ಕಡೆ ಸಾಮಾನ್ಯವಾಗಿ ಬೇರು ಬಿಟ್ಟಿರುತ್ತೆ, ಬೇರುಸಮೇತ ಕತ್ತರಿಸಿ ಬೇರೆ ನೆಟ್ರೆ ಅದೇ ಹೊಸ ಗಿಡ.

ಎಳೆಚಿಗುರು:
ನಡುವೆ ಬಾಯಿ ಹಾಕ್ತಿದೀನಿ ಸಾರಿ. ನನ್ನ ಪಾರ್ಸ್ಲಿ ಚಳಿ ದಾಟಿ ಚೆನ್ನಾಗೇ ಬಂತು, ಈಗ ನಡುವಿಂದ ದಪ್ಪ ದಂಟು ಏಳ್ತಿದೆ, ಚಿವುಟಿದ್ರೆ ನಿಲ್ಲುತ್ತಾ? ಒಳಗೆ ಬೆಳೆಸಿದ ಬೇಸಿಲ್ ಸಸಿನೂ ಹೊರಗಿಡಬೇಕು.

ಬೇರುಮಣ್ಣು:
ಪಾರ್ಸ್ಲಿ 2 ವರ್ಷದ ಗಿಡ, ಮೊದಲ ವರ್ಷ ಎಲೆ, ಎರಡನೇ ವರ್ಷ ಹೂ, ಬೀಜ, ಅಲ್ಲಿಗೆ ಮುಗೀತು. ಚಿವುಟಿದ್ರೆ ಸ್ವಲ್ಪ ತಡ ಆಗುತ್ತೆ ಅಷ್ಟೇ, ಈಗ್ಲೇ ಹೊಸ ಬೀಜ ರಾತ್ರಿ ನೆನೆಸಿಟ್ಟು ಬಿತ್ತಿ, ಮೊಳಕೆಗೆ 3-4 ವಾರ ಬೇಕಾಗಬಹುದು, ಬರ್ಲಿಲ್ಲ ಅಂತ ಮಣ್ಣು ಕೆದಕಬೇಡಿ. ಬೇಸಿಲ್‌ಗೆ ಅವಸರ ಮಾಡ್ಲೇಬೇಡಿ, ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯೋದು ನಿಂತ್ಮೇಲೆ ಮೊದ್ಲು ನೆರಳಲ್ಲಿ ಒಂದೆರಡು ಗಂಟೆ, ಆಮೇಲೆ ದಿನಾ ಸ್ವಲ್ಪ ಜಾಸ್ತಿ, ಹೀಗೆ 7-10 ದಿನ ಅಭ್ಯಾಸ ಮಾಡ್ಸಿ.

ಹಸಿರುಕುಂಡ:
ರೋಸ್ಮರಿ ನೆಟ್ಟಾಯ್ತು ಸರ್, ಒಂದು ಬದಿ ಬೇರು ಪೂರ್ತಿ ಕಪ್ಪಾಗಿತ್ತು, ಇನ್ನೊಂದು ಬದಿ ಚೆನ್ನಾಗಿದೆ. ನೀರು ಯಾವಾಗ?

ಬೇರುಮಣ್ಣು:
ನೆಟ್ಟಾಗ ಮಣ್ಣು ಕೂರೋಷ್ಟು ಹಾಕಿದ್ರೆ ಸಾಕು. ಇನ್ಮೇಲೆ ದಿನ ಲೆಕ್ಕ ಇಡಬೇಡಿ, ಪಾಟ್ ಎತ್ತಿ ನೋಡಿ, ಹಗುರ ಅನ್ಸಿ ಮೇಲಿನ ಎರಡು ಇಂಚು ಒಣಗಿದ್ರೆ ಮಾತ್ರ ಹಾಕಿ.