ಅಪ್‌ಡೇಟ್: ಮಗಳ ನಾಣ್ಯ ಸಂಗ್ರಹ ಶುರುವಾಯ್ತು

ಏಳು ವರ್ಷದ ಮಗಳಿಗೆ ಕಡಿಮೆ ಖರ್ಚಿನಲ್ಲಿ ನಾಣ್ಯ ಸಂಗ್ರಹ ಹೇಗೆ ಶುರುಮಾಡಿಸಲಿ ಅಂತ ಕೇಳಿದ್ದೆ. ಮನೆಯ ಚಿಲ್ಲರೆಯಿಂದಲೇ ಶುರುಮಾಡಿ, ನಾಣ್ಯ ಯಾವ ಟಂಕಸಾಲೆಯಲ್ಲಿ (ನಾಣ್ಯ ಅಚ್ಚು ಹಾಕುವ ಕಾರ್ಖಾನೆ) ತಯಾರಾಯ್ತು ಅಂತ ತಿಳಿಸುವ, ಇಸವಿಯ ಕೆಳಗಿನ ಗುರುತು ನೋಡಿಸಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಈಗ ಅಂಗಡಿಯಿಂದ ಬಂದ ಚಿಲ್ಲರೆ ಮೊದಲು ಅವಳ ಕೈಗೇ ಹೋಗಬೇಕು! ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ವಜ್ರದಾಕಾರವಿದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತಾ ಟಂಕಸಾಲೆ, ಎಲ್ಲಾ ಬಾಯಿಪಾಠ.

ಅಜ್ಜಿಯ ಡಬ್ಬಿಯಲ್ಲಿ ಘೇಂಡಾಮೃಗದ 25 ಪೈಸೆ, ಆರು ಮೂಲೆಯ ಅಲ್ಯೂಮಿನಿಯಂ 20 ಪೈಸೆ ಸಿಕ್ಕವು. 2011ರಲ್ಲೇ ಚಲಾವಣೆ ನಿಂತ ಇವೇ ಅವಳಿಗೆ ಹೆಚ್ಚು ಇಷ್ಟ. ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ ಎಂದಿದ್ದಿರಿ, ಅದನ್ನೂ ಪಾಲಿಸುತ್ತಿದ್ದೇವೆ. ಹಳೇ ಮೆರುಗು ಹೋದರೆ ಮತ್ತೆ ಬರುವುದಿಲ್ಲವಲ್ಲ. ಇದುವರೆಗಿನ ಖರ್ಚು ಒಂದು ಆಲ್ಬಮ್ಮಿನದ್ದು ಮಾತ್ರ. ಸದ್ಯ ಹನ್ನೆರಡು ಮೂಲೆಯ 20 ರೂಪಾಯಿ ನಾಣ್ಯದ ಹುಡುಕಾಟದಲ್ಲಿದ್ದಾಳೆ.