ಸೋಡಾ ಲೈಮ್ ಬದಲಿಸಿದರೂ ಇನ್‌ಸ್ಪೈರ್ಡ್ ಸಿಒ2 ಸೊನ್ನೆಗೆ ಬರುತ್ತಿಲ್ಲ

ಬಯೋಮೆಡ್_ಜಯನಗರ: ತಲೆ ಕೆಟ್ಟು ಹೋಗಿದೆ. ನಮ್ಮ ನರ್ಸಿಂಗ್ ಹೋಮ್‌ನ ಅನಸ್ತೇಶಿಯಾ ಮಷಿನ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಕ್ಯಾಪ್ನೋ (ಉಸಿರಿನ ಸಿಒ2 ಅಳೆಯುವ ಮಾನಿಟರ್) ಬೇಸ್‌ಲೈನ್ ಏರುತ್ತದೆ. ಇನ್‌ಸ್ಪೈರ್ಡ್ ಸಿಒ2, ಅಂದರೆ ರೋಗಿ ಒಳಗೆಳೆಯುವ ಗಾಳಿಯ ಸಿಒ2, ಸೊನ್ನೆ ಇರಬೇಕಾದದ್ದು 6–7 mmHg ತೋರಿಸುತ್ತದೆ. ಬೆಳಗಿನ ಮೊದಲ ಕೇಸ್‌ನಲ್ಲಿ ಏನೂ ಇರುವುದಿಲ್ಲ. ಸಿಒ2 ಹೀರುವ ಸೋಡಾ ಲೈಮ್ ಹೊಸದು ಹಾಕಿದೆ. ಲೀಕ್ ಟೆಸ್ಟ್ ಪಾಸ್. ಸರ್ವೀಸ್‌ನವರು ಫೋನ್‌ನಲ್ಲೇ ‘ಸೆನ್ಸರ್ ಇರಬೇಕು’ ಅಂದು ಸುಮ್ಮನಾದರು. ನಾಳೆ ಫುಲ್ ಲಿಸ್ಟ್ ಇದೆ.

ಓಟಿ_ಟೆಕ್: ಲೈಮೇ ಕಳಪೆ. ಯಾವ ಬ್ಯಾಚ್?

ಬಯೋಮೆಡ್_ಜಯನಗರ: ಹೊಸ ಡಬ್ಬ ಸ್ವಾಮಿ, ಇನ್ನೂ ಬಿಳಿ ಇದೆ.

ಓಟಿ_ಟೆಕ್: ಬಣ್ಣ ನಂಬಬೇಡಿ. ಮುಗಿದು ನೇರಳೆ ಆದ ಲೈಮ್ ಕೂಡ ರಾತ್ರಿ ಸುಮ್ನೆ ಬಿಟ್ಟರೆ ಮತ್ತೆ ಬಿಳಿ ಆಗುತ್ತದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಕೆಡುತ್ತದೆ ಅಂದರೆ ಅದೇ ಅಲ್ವಾ?

ಗ್ಯಾಸ್‌ಲೈನ್: ನಮ್ಮದು ಪಿಂಕ್ ಇದ್ದು ಮುಗಿದಾಗ ಬಿಳಿ ಆಗುವಂಥದ್ದು. ಯಾವ ಲೈಮ್ ಅಂತ ಕೇಳದೆ ಬಣ್ಣದ ಪಾಠ ಹೇಳಿದರೆ ಯಾರಾದರೂ ಮುಗಿದ ಲೈಮ್ ಹಾಕಿಕೊಂಡೇ ಕೇಸ್ ನಡೆಸುತ್ತಾರೆ.

ಓಟಿ_ಟೆಕ್: ಅವರೇ ಬಿಳಿ ಅಂದರಲ್ಲ!

 

ನಿದ್ರಾ_ಡಾಕ್ಟರ್: ಮಷಿನ್ ಯಾವುದು, ಫ್ರೆಶ್ ಗ್ಯಾಸ್ ಫ್ಲೋ (ಮಷಿನ್‌ಗೆ ಹೊಸದಾಗಿ ಬಿಡುವ ಗ್ಯಾಸ್) ಎಷ್ಟು ಅಂತ ಇನ್ನೂ ಹೇಳಿಲ್ಲ. ಬೇಸ್‌ಲೈನ್ ಏರಿದಾಗ ಅನಸ್ತೇಟಿಸ್ಟ್ ಫ್ಲೋ ಹೆಚ್ಚಿಸಿದ್ದರಾ?

ಬಯೋಮೆಡ್_ಜಯನಗರ: ನಿಮಿಷಕ್ಕೆ 1 ಲೀಟರ್ ಇತ್ತು, 8ಕ್ಕೆ ಏರಿಸಿದರು. ಹೆಚ್ಚೇನೂ ಇಳಿಯಲಿಲ್ಲ.

ನಿದ್ರಾ_ಡಾಕ್ಟರ್: ಹಾಗಾದರೆ ಲೈಮ್ ಬಿಡಿ. ಲೈಮ್ ಮುಗಿದಿದ್ದರೆ ಅಷ್ಟು ಫ್ಲೋಗೆ ಹೊಸ ಗ್ಯಾಸ್ ತೊಳೆದು ಸಿಒ2 ಇಳಿಯಬೇಕಿತ್ತು. ಎಕ್ಸ್‌ಪಿರೇಟರಿ ವಾಲ್ವ್ (ಬಿಟ್ಟ ಉಸಿರು ವಾಪಸ್ ಬರದಂತೆ ತಡೆಯುವ ಕವಾಟ) ನೋಡಿ. ಲೋ ಫ್ಲೋನಲ್ಲಿ ತೇವ ಜಾಸ್ತಿ ಕೂರುತ್ತದೆ, ಅದರ ಡಿಸ್ಕ್ ಸರಿಯಾಗಿ ಮುಚ್ಚುವುದಿಲ್ಲ. ರೋಗಿ ಬಿಟ್ಟ ಉಸಿರೇ ಮತ್ತೆ ಒಳಗೆ ಹೋಗುತ್ತದೆ. ಲೀಕ್ ಟೆಸ್ಟ್ ಇದನ್ನು ಹಿಡಿಯುವುದಿಲ್ಲ. ಅದು ಗಾಳಿ ಹೊರಗೆ ಸೋರುತ್ತಿದೆಯಾ ಅಂತ ಮಾತ್ರ ನೋಡುತ್ತದೆ, ಯಾವ ಕಡೆ ಹರಿಯುತ್ತಿದೆ ಅಂತಲ್ಲ. ಪಾಸ್ ಅಂತ ಬಂದ ಮಷಿನ್‌ನಲ್ಲೇ ಇದು ಆಗುವುದು, ಅದಕ್ಕೇ ಭಯ.

ಓಟಿ_ಟೆಕ್: ಲೈಮ್ ಸರಿಯಾಗಿ ತುಂಬದೆ ನಡುವೆ ಸಂದು ಬಿಟ್ಟರೂ ಹೀಗಾಗುತ್ತದೆ.

ಬಯೋಮೆಡ್_ಜಯನಗರ: ವಾಲ್ವ್‌ನ ಡೋಮ್ (ಮೇಲಿನ ಮುಚ್ಚಳ) ಬಿಚ್ಚಿದೆ. ಒಳಗೆಲ್ಲ ನೀರು. ಡಿಸ್ಕ್‌ನ ಒಂದು ಅಂಚು ಬಾಗಿದೆ. ಒರೆಸಿದರೂ ಸಮನಾಗಿ ಕೂರುತ್ತಿಲ್ಲ. ಸ್ಪೇರ್ ಇಲ್ಲ.

ಗ್ಯಾಸ್‌ಲೈನ್: ಎಸ್‌ಪಿ ರೋಡ್ ಮಾರ್ಕೆಟ್‌ನಲ್ಲಿ ಶೀಟ್ ತಂದು ಅಳತೆಗೆ ಕತ್ತರಿಸಿಕೊಂಡರೆ ಆಗಲ್ವಾ?

ನಿದ್ರಾ_ಡಾಕ್ಟರ್: ದಯವಿಟ್ಟು ಬೇಡ. ಆ ಡಿಸ್ಕ್‌ನ ತೂಕ, ದಪ್ಪ ಎರಡೂ ಮುಖ್ಯ. ಕಂಪನಿಯ ಡಿಸ್ಕ್ ಬಂದು ಪರೀಕ್ಷೆ ಆಗುವವರೆಗೆ ಮಷಿನ್‌ಗೆ ‘ಬಳಸಬೇಡಿ’ ಟ್ಯಾಗ್ ಹಾಕಿ ಓಟಿಯಿಂದ ಹೊರಗಿಡಿ. ಲಿಸ್ಟ್ ಮುಂದೂಡಲು ಈಗಲೇ ಹೇಳಿ. ಇನ್‌ಸ್ಪಿರೇಟರಿ (ಉಸಿರು ಒಳಗೆ ಹೋಗುವ ಕಡೆಯ) ಡಿಸ್ಕ್ ಕೂಡ ನೋಡಿದಿರಾ?

ಓಟಿ_ಟೆಕ್: ಲೈಮ್ ಬ್ಯಾಚ್ ನಂಬರ್ ಇನ್ನೂ ಹೇಳಿಲ್ಲ.