ಪಾಪಾಸುಕಳ್ಳಿಯ ಬುಡ ಮೆತ್ತಗಾಗಿದೆ, ಉಳಿಯುತ್ತಾ?

ಪ್ರಶ್ನೆ: ಕುಂಡದಲ್ಲಿ 2 ವರ್ಷದಿಂದ ಇರುವ ಗಿಡ. ಬುಡ ಕಂದಾಗಿದೆ, ಕಡ್ಡಿಯಿಂದ ಒತ್ತಿದರೆ ಕೊಳೆತ ಸೌತೆಕಾಯಿ ಥರ ನೀರು ಬರುತ್ತೆ. ಮೇಲಿನ ಮೂರು ಹಾಳೆ (ಎಲೆಯಂತೆ ಕಾಣುವ ಚಪ್ಪಟೆ ಕಾಂಡ) ಮಾತ್ರ ಇನ್ನೂ ಗಟ್ಟಿಯಾಗಿವೆ. ತಪ್ಪು ನನ್ನದೇ. ಬೇರೆ ಗಿಡಗಳ ಜೊತೆ ಇದಕ್ಕೂ ದಿನಾ ಒಂದು ಲೋಟ ನೀರು ಹಾಕುತ್ತಿದ್ದೆ.

ಉತ್ತರ 1: ಬುಡದ ಆಸೆ ಬಿಡಿ, ಹಾಳೆ ಉಳಿಸಿಕೊಳ್ಳಿ. ಗಂಟಿನ ಹತ್ತಿರ ಕತ್ತರಿಸಿ, ಕೊಯ್ದ ಜಾಗ ನೋಡಿ. ಕಂದು ಚುಕ್ಕೆ ಕಂಡರೆ ಚಾಕು ಒರೆಸಿ ಇನ್ನೂ ಮೇಲಕ್ಕೆ ಕತ್ತರಿಸಿ. ಆಮೇಲೆ ನೆರಳಲ್ಲಿ 1–2 ವಾರ ಸುಮ್ನೆ ಬಿಡಿ. ಗಾಯ ಒಣಗಿ ಗಟ್ಟಿಯಾದ ಮೇಲೆ, ಅರ್ಧ ಮಣ್ಣು ಅರ್ಧ ದಪ್ಪ ಮರಳಿನಲ್ಲಿ ಒಂದಿಂಚು ಮಾತ್ರ ಹೂಳಿ. ಬೇರು ಬರುವವರೆಗೆ ನೀರು ಜಾಸ್ತಿ ಬೇಡ. ನಾನು ಆತುರಪಟ್ಟು ಹಸಿಯಾಗಿಯೇ ನೆಟ್ಟು ಎರಡು ಹಾಳೆ ಕಳೆದುಕೊಂಡಿದ್ದೇನೆ.

ಉತ್ತರ 2: ಕೈಯಲ್ಲಿ ಹಿಡಿಯಬೇಡಿ! ದೊಡ್ಡ ಮುಳ್ಳಲ್ಲ, ಕೂದಲಿನಂಥ ಸಣ್ಣವೇ ಕಾಟ. ಪೇಪರ್ ಮಡಚಿ ಹಿಡಿಯಿರಿ. ಚುಚ್ಚಿದರೆ ಉಜ್ಜದೆ ಚಿಮಟದಿಂದ ತೆಗೆಯಿರಿ.

ಪ್ರಶ್ನೆ ಕೇಳಿದವರು: ತಡವಾಯ್ತು, ಹೆಬ್ಬೆರಳು ಉರಿಯುತ್ತಿದೆ. ಅಂದಹಾಗೆ ಒಂದು ಹಾಳೆಯ ಮೇಲೆ ಬಿಳಿ ಹತ್ತಿಯಂಥದ್ದು ಅಂಟಿದೆ. ಒರೆಸಿದರೆ ರಕ್ತದ ಹಾಗೆ ಕೆಂಪು!

ಉತ್ತರ 1: ಅದು ಕೊಚಿನಿಯಲ್ ಹುಳ ಇರಬೇಕು, ಒಂದು ಬಗೆಯ ಕೆಂಪು ಬಣ್ಣ ತಯಾರಿಸುವುದು ಅದರಿಂದಲೇ. ಹಳೇ ಬ್ರಷ್‌ನಿಂದ ಉಜ್ಜಿ ತೊಳೆದು, ಆಮೇಲೆ ಒಣಗಿಸಿ.